ರಾಕೆಟ್ ಮೊದಲೋ, ಜಿಟಿಒ ಮೊದಲೋ

ನಾನಿದ್ದ ಕಡೆ ಏನಾದರೊಂದು ಪ್ರಸಂಗ ನಡೆಯದೆ ದಿನ ಮುಳುಗಿದ್ದು ಕಮ್ಮಿ. ಊರಲ್ಲೂ ಹಾಗೇ ಇತ್ತು, ಬಸವೇಶ್ವರನಗರಕ್ಕೆ ಬಂದ ಮೇಲೂ ಹಾಗೇ. ಇದಕ್ಕೆಲ್ಲ ನನ್ನ ಬಾಯೇ ಕಾರಣ ಅಂತ ಜನ ಹೇಳ್ತಾರೆ. ಹೊಟ್ಟೆಕಿಚ್ಚು, ಬಿಡಿ.

ಮಾಗಡಿ ದಾಟಿ ಹೋದರೆ ನಮ್ಮೂರು. ಏಳನೇ ಕ್ಲಾಸಲ್ಲೇ ದೊಡ್ಡಪ್ಪನ ಟ್ರ್ಯಾಕ್ಟರ್ ಬಿಚ್ಚಿ ಮತ್ತೆ ಜೋಡಿಸಿದವನು ನಾನು. ಜೋಡಿಸಿದ ಮೇಲೆ ನಾಲ್ಕು ಬೋಲ್ಟು ಉಳಿದವು, ನಿಜ. ಆದರೆ ಅವಿಲ್ಲದೆಯೂ ಟ್ರ್ಯಾಕ್ಟರ್ ಓಡಿತು. ಅಂದಮೇಲೆ ತಯಾರು ಮಾಡಿದವರೇ ನಾಲ್ಕು ಹೆಚ್ಚಿಗೆ ಹಾಕಿದ್ದರು ಅಂತ ತಾನೇ ಅರ್ಥ? ಇಂಥ ಕೈಗುಣ ಇರೋದಕ್ಕೇ ನಮ್ಮ ಮೇಸ್ತ್ರಿ ನನ್ನನ್ನು ಗ್ಯಾರೇಜಿಗೆ ಸೇರಿಸಿಕೊಂಡಿದ್ದು. ಎಂಟು ವರ್ಷ ಆಯ್ತು. ಈಗ ಹೇಳೋದೆಲ್ಲ ಆ ಗ್ಯಾರೇಜಿನದೇ, ಹೋದ ವರ್ಷದ್ದು.

೧. ಕಾಗದದ ಮೇಲಿನ ಜಗಳ

ನಮ್ಮ ಮೇಸ್ತ್ರಿಗೆ ಅರವತ್ತು ದಾಟಿದೆ. ಗ್ಯಾರೇಜು ಅವರದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರೆಂದರೆ, ಯಾವ ಕಾಯಿಲೆ ಎಲ್ಲಿದೆ ಅಂತ ಡಾಕ್ಟರ ಹಾಗೆ ಹೇಳ್ತಾರೆ. ಅವರಿಗೆ ಒಬ್ಬರೇ ಒಬ್ಬರು ಸ್ನೇಹಿತರು. ಸೇತುವೆ ಕಟ್ಟಿಸುವ ಎಂಜಿನಿಯರ್ ಆಗಿ ರಿಟೈರಾದ ಸಾರ್. ದಾವಣಗೆರೆ ಕಡೆಯವರು, ದಿನಾ ವಿಭೂತಿ ಹಚ್ಚಿಕೊಳ್ಳದೆ ಮನೆ ಹೊಸ್ತಿಲು ದಾಟದವರು. ಅವರ ಹತ್ತಿರ ಒಂದು ಹಳೇ ಬಿಳಿ ಅಂಬಾಸಿಡರ್ ಇದೆ. ಅದಕ್ಕೆ ಕಾಯಿಲೆ ಇರಲಿ ಬಿಡಲಿ, ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಗ್ಯಾರೇಜಿನ ಬೇವಿನಮರದ ಕೆಳಗೆ ಬಂದು ನಿಲ್ಲುತ್ತಿತ್ತು.

ಕಾರು ನಿಂತ ಐದನೇ ನಿಮಿಷಕ್ಕೆ ಪಕ್ಕದ ಟೀ ಅಂಗಡಿ ಬೆಂಚಿನ ಮೇಲೆ ಜಗಳ ಶುರು. ಮೂವತ್ತು ವರ್ಷದಿಂದ ಒಂದೇ ಜಗಳ. ಅಮೆರಿಕದಲ್ಲಿ ಮೊದಲ ಮಸಲ್ ಕಾರು ಯಾವುದು?

ಸಾರ್ ಹೇಳೋದು, ನಲವತ್ತೊಂಬತ್ತನೇ ಇಸವಿಯ ರಾಕೆಟ್ 88. ಮೇಸ್ತ್ರಿ ಹೇಳೋದು, ಅರವತ್ತನಾಲ್ಕರ ಜಿಟಿಒ.

"ಹಗುರ ಗಾಡಿಗೆ ಹೊಸ ವಿ-8 ಎಂಜಿನ್ ಕೂರಿಸಿದ್ದು ಮೊದಲು ಯಾರ್ರೀ? ಅಲ್ಲಿಗೆ ಮುಗೀತು" ಅಂತ ಸಾರ್.

"ಅದು ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ ಸಾರ್. ಜೋರಾಗಿ ಓಡ್ತು, ಅಷ್ಟೇ. ಹುಡುಗರು ಹುಚ್ಚೆದ್ದು ಓಡಿಸ್ಲಿ ಅಂತಾನೇ ಕೂತು ಮಾಡಿದ್ದು ಜಿಟಿಒ. ಉದ್ದೇಶ ಬೇಕು ಸಾರ್, ಉದ್ದೇಶ!"

"ಮಗು ಹುಟ್ಟಿದ ಮೇಲೆ ತಾನೇ ಹೆಸರಿಡೋದು? ನಾಮಕರಣದ ದಿನಾನೇ ಹುಟ್ಟಿತು ಅಂತೀರೇನ್ರೀ?"

"ಹಾಗಾದ್ರೆ ಬೆಂಕಿ ಕಂಡುಹಿಡಿದೋನೇ ಮಸಾಲೆ ದೋಸೆ ಮಾಡಿದೋನು ಅಂತೀರಾ?"

ಟೀ ಅಂಗಡಿ ಆಂಟಿಗೆ ಇದು ತಲೆಬುಡ ಅರ್ಥವಾಗುತ್ತಿರಲಿಲ್ಲ. ಒಂದು ದಿನ ನನ್ನನ್ನು ಕೇಳಿದರು. ನಮ್ಮೂರಿನ ಲೆಕ್ಕದಲ್ಲೇ ಹೇಳಿದೆ: "ದೊಡ್ಡ ಗಾಡಿಗೆ ಕಟ್ಟೋ ಹಳ್ಳೀಕಾರ್ ಎತ್ತಿನ ಜೋಡೀನ ತಂದು ಚಿಕ್ಕ ಗಾಡಿಗೆ ಕಟ್ಟಿದ್ರೆ ಹೇಗಿರುತ್ತೆ ಆಂಟಿ? ಅದೇ ಮಸಲ್ ಕಾರು." ಎಂಜಿನಿಯರ್ ಸಾರೇ ಭೇಷ್ ಅಂದರು. ಇಂಥದ್ದೆಲ್ಲ ನನಗೆ ತಾನಾಗೇ ಬರುತ್ತೆ.

ಆಂಟಿ ಕೇಳಿದರು, "ಸರಿ, ಆ ಕಾರು ನಿಮ್ಮಿಬ್ರಲ್ಲಿ ಯಾರ ಹತ್ರ ಇದೆ?"

ಯಾರ ಹತ್ತಿರವೂ ಇಲ್ಲ.

"ನೋಡಿದೀರಾ?"

ಸಾರ್ ಕಾಲೇಜಿನ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನೋಡಿದ್ದರು. ಮೇಸ್ತ್ರಿ ಕೆಲಸ ಕಲಿತ ಗ್ಯಾರೇಜಿನ ಗೋಡೆಯ ಹಳೇ ಕ್ಯಾಲೆಂಡರಿನಲ್ಲಿ ನೋಡಿದ್ದರು.

"ಅಯ್ಯೋ ದೇವ್ರೇ, ಬರೀ ಕಾಗದಕ್ಕೆ ಮೂವತ್ತು ವರ್ಷ ಜಗಳಾನಾ?" ಅಂದರು ಆಂಟಿ. "ನಮ್ಮನೇಲೂ ಕಾಗದಕ್ಕೇ ಜಗಳ. ಆದ್ರೆ ಅದರ ಹಿಂದೆ ಒಂದು ಸೈಟಾದ್ರೂ ಇದೆ."

೨. ನಾನು ಕೂತ ಅಮೆರಿಕನ್ ಕಾರು

ಇಬ್ಬರೂ ನೋಡೇ ಇಲ್ಲ ಅಂದಮೇಲೆ, ನೋಡಿದವನೊಬ್ಬ ಇರಬೇಕು ತಾನೇ? "ನಾನು ಕೂತಿದೀನಿ" ಅಂದುಬಿಟ್ಟೆ.

ಇಬ್ಬರೂ ಟೀ ಲೋಟ ಕೆಳಗಿಟ್ಟರು. "ಎಲ್ಲಿ?"

"ವಿಜಯನಗರದಲ್ಲಿ."

ಸುಳ್ಳಲ್ಲ. ಗೆಳೆಯನ ರಿಸೆಪ್ಷನ್ನಿಗೆ ಹೋಗಿದ್ದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಫೋಟೋ ತೆಗೆಸಿಕೊಳ್ಳೋದಕ್ಕೆ ಅಂತ ಒಂದು ಕೆಂಪು ಕಾರು ಇಟ್ಟಿದ್ದರು. ಉದ್ದನೆಯ ಬಾನೆಟ್, ಮುಂದೆ ದೊಡ್ಡ ದೊಡ್ಡ ದೀಪ, ಸುತ್ತ ಹೂವು. ಸ್ಟೀರಿಂಗ್ ಹಿಡಿದು ಕೂತು, ಕಪ್ಪು ಕನ್ನಡಕ ಏರಿಸಿ, ಫೋಟೋ ತೆಗೆಸಿಕೊಂಡಿದ್ದೆ. ಮೊಬೈಲ್ ತೆಗೆದು ತೋರಿಸಿದೆ.

ಮೇಸ್ತ್ರಿ ನೋಡಿ, "ಜಿಟಿಒ ಮುಖ ಇದ್ದಂಗಿದೆ ಕಣೋ" ಅಂದರು. ಸಾರ್ ಕಸಿದುಕೊಂಡು, "ಇದು ರಾಕೆಟ್ಟಿನ ಮೂಗು" ಅಂದರು. ಅಲ್ಲೇ ಕಾಲು ಗಂಟೆ ವಾದ ಆಯ್ತು. ನಾನು ಎರಡೂ ಕಡೆಗೆ ಗಂಭೀರವಾಗಿ ತಲೆ ಆಡಿಸಿದೆ.

ಆಮೇಲೆ ಸಾರ್ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

"ತಮ್ಮಾ, ಮುಂದಿನ ಚಕ್ರ ಚಂದ ಐತಿ. ಹಿಂದಿನ ಚಕ್ರ ಎಲ್ಲಿ?"

"ಅದು... ಫೋಟೋದಲ್ಲಿ ಬಂದಿಲ್ಲ ಸಾರ್."

"ಹಿಂದಿನ ಚಕ್ರ ಇರಬೇಕಾದ ಜಾಗದಾಗ ಒಬ್ಬರು ಐಸ್‌ಕ್ರೀಮ್ ತಿನ್ನಾಕ ಹತ್ಯಾರಲ್ಲಪ್ಪಾ."

೩. ಸಾಕ್ಷಿ

ಅದು ಬರೀ ಮುಂಭಾಗ ಇದ್ದ ಡೆಕೋರೇಷನ್ ಕಾರು ಅಂತ ಗೊತ್ತಾದರೂ ನನ್ನ ಮಾತಿಗೆ ಬೆಲೆ ಕಮ್ಮಿಯಾಗಲಿಲ್ಲ. ಟ್ರಯಲ್ ನೋಡೋಕೆ ಸಾರ್ ಜೊತೆ ಕಾರಲ್ಲಿ ಹೋದಾಗ ಅವರು ಕೇಳುತ್ತಿದ್ದರು, "ನಿನಗೇನು ಅನಸ್ತದ ತಮ್ಮಾ?" ನಾನು, "ಇದರಲ್ಲಿ ಕೇಳೋದೇನಿದೆ ಸಾರ್, ರಾಕೆಟ್ಟೇ" ಅನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಗಾಡಿ ಕೆಳಗೆ ಮೇಸ್ತ್ರಿ ಪಕ್ಕ ಮಲಗಿ ನಟ್ಟು ಬಿಗಿಯುವಾಗ ಅವರೂ ಕೇಳುತ್ತಿದ್ದರು. "ಜಿಟಿಒ ಬಿಟ್ರೆ ಇನ್ಯಾವುದಿದೆ ಮೇಸ್ತ್ರಿ?" ಅನ್ನುತ್ತಿದ್ದೆ. ಅವರ ಮುಖವೂ ಅರಳುತ್ತಿತ್ತು. ಎರಡು ಮುಖ ಅರಳಿಸೋದರಲ್ಲಿ ಏನು ಪಾಪ ಇದೆ ಹೇಳಿ.

ಒಂದು ಶನಿವಾರ ವಾದ ಜೋರಾಯ್ತು. ಬೆಂಚಿನ ಸುತ್ತ ಏಳೆಂಟು ಜನ ಸೇರಿದ್ದರು.

ಸಾರ್ ಎದ್ದು ನಿಂತು, "ನಿಮ್ಮ ಹುಡುಗನ್ನೇ ಕೇಳ್ರಿ! ಅವನೇ ಒಪ್ಪ್ಯಾನ, ರಾಕೆಟ್ಟು ಅಂತ" ಅಂದರು.

ಮೇಸ್ತ್ರಿ ನಕ್ಕರು. "ಅವನಾ? ನಿನ್ನೆ ತಾನೇ ಜಿಟಿಒ ಅಂದ ಸಾರ್, ನನ್ನ ಪಕ್ಕ ಮಲಗ್ಕೊಂಡು."

ಎಲ್ಲರೂ ನನ್ನ ಕಡೆ ತಿರುಗಿದರು.

"ಇಬ್ರೂ... ಅವರವರ ಕಡೆಯಿಂದ ನೋಡಿದ್ರೆ..." ಅಂದೆ.

ಬೈದಿದ್ದರೆ ನನ್ನನ್ನು ಬೈಯಬೇಕಿತ್ತು. ಆದರೆ ಇಬ್ಬರೂ ನನ್ನನ್ನು ಬಿಟ್ಟು ಒಬ್ಬರ ಮೇಲೊಬ್ಬರು ಬಿದ್ದರು.

"ಹುಡುಗನ ತಲಿ ಕೆಡಿಸೀರಿ ನೀವು!" ಅಂತ ಸಾರ್.

"ಸೇತುವೆ ಕಟ್ಟೋರಿಗೆ ಎಂಜಿನ್ ಉಸಾಬರಿ ಯಾಕೆ ಸಾರ್?" ಅಂದುಬಿಟ್ಟರು ಮೇಸ್ತ್ರಿ.

ಸಾರ್ ಮುಖ ಸಣ್ಣದಾಯ್ತು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಹಂಗಾದ್ರ ನನ್ನ ಗಾಡಿ ಉಸಾಬರಿ ನಿಮಗೂ ಬ್ಯಾಡ" ಅಂದು ಹೊರಟರು. ಸೋಮವಾರ ಆ ಬಿಳಿ ಕಾರು ದೊಡ್ಡ ರಸ್ತೆಯ ಹೊಸ ಗ್ಯಾರೇಜಿಗೆ ಹೋಗಿದ್ದನ್ನು ನಾನೇ ಕಣ್ಣಾರೆ ಕಂಡೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಬೈದರೆ ಮರೀತೀವಿ. ಗಾಡಿ ಇನ್ನೊಬ್ಬರ ಕೈಗೆ ಕೊಟ್ಟರೆ ಮರೆಯಲ್ಲ.

ಆಂಟಿ ನನ್ನ ಲೋಟ ತೊಳೆಯುತ್ತಾ ಹೇಳಿದರು: "ಹುಡುಗಿ ಕಡೆಯವ್ರಿಗೂ ಹೂಂ, ಹುಡುಗನ ಕಡೆಯವ್ರಿಗೂ ಹೂಂ. ನೀನು ಮದುವೆ ಬ್ರೋಕರ್ ಆಗ್ಬೇಕಿತ್ತು ಕಣೋ. ಆದ್ರೆ ಎರಡೂ ಕಡೆಯವ್ರು ಒಂದೇ ಬೆಂಚಲ್ಲಿ ಕೂರೋ ಹಾಗೆ ಯಾವ ಬ್ರೋಕರೂ ಬಿಡಲ್ಲ."

೪. ಸದ್ದಿಲ್ಲದ ಎಂಜಿನ್

ಮೊದಲ ಶನಿವಾರ ಮೇಸ್ತ್ರಿ ಏನೂ ಆಗದವರ ಹಾಗೆ ಇದ್ದರು. ನಾಲ್ಕು ಗಂಟೆಗೆ ಮಾತ್ರ ಮೂರು ಸಲ ಗೇಟಿಗೆ ಹೋಗಿ, "ಬಿಸಿಲು ಹೇಗಿದೆ ನೋಡ್ದೆ" ಅಂದುಕೊಂಡು ವಾಪಸ್ ಬಂದರು. ಅವತ್ತು ಮೋಡ ಇತ್ತು.

ಎರಡನೇ ಶನಿವಾರ ಯಾರೋ ಒಬ್ಬರು ಬೇವಿನಮರದ ಕೆಳಗೆ ಸ್ಕೂಟರ್ ನಿಲ್ಲಿಸಿದರು. ಮೇಸ್ತ್ರಿ ಒಳಗಿಂದಲೇ ಕೂಗಿದರು, "ಅಲ್ಲಿ ನಿಲ್ಲಿಸ್ಬೇಡಿ, ಗಾಡಿ ಬರುತ್ತೆ!" ಯಾವ ಗಾಡಿ ಅಂತ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಆ ನೆರಳು ಸಂಜೆಯವರೆಗೂ ಖಾಲಿ ಬಿದ್ದಿತ್ತು.

ಮೇಸ್ತ್ರಿ ಹೆಂಡತಿ ಮಧ್ಯಾಹ್ನದ ಊಟದ ಡಬ್ಬಿ ತರುತ್ತಾರೆ. ನಾನು ಅವರನ್ನು ಅಮ್ಮ ಅಂತಲೇ ಕರೆಯೋದು. ನನ್ನನ್ನು ಪಕ್ಕಕ್ಕೆ ಕರೆದು, "ಮುದ್ದೆ ಮುಂದೆ ಕೂತು ಯೋಚ್ನೆ ಮಾಡ್ತಾರೆ ಕಣೋ. ಸೊಪ್ಪಿನ ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ. ಒಂದು ಮಾತು ಅನ್ಲಿಲ್ಲ! ಮದ್ವೆ ಆಗಿ ಇಷ್ಟು ವರ್ಷಕ್ಕೆ ನಂಗೆ ಮೊದಲ್ನೇ ಸಲ ಭಯ ಆಯ್ತು" ಅಂದರು.

ನನಗೂ ಭಯ ಆಯ್ತು, ಹೇಳಿಕೊಳ್ಳಲಿಲ್ಲ ಅಷ್ಟೇ. ಮಾಡಿದ್ದು ನನ್ನ ಬಾಯಿ. ಆದರೂ ನಿದ್ದೆ ಬರುತ್ತಿದ್ದುದಕ್ಕೆ ಒಂದೇ ಕಾರಣ, ನಾನು ಎಲ್ಲಾದರೂ ಮಲಗಬಲ್ಲೆ ಅನ್ನೋದು.

ಅದೇ ವಾರ ಒಬ್ಬ ಹುಡುಗಿ ಆಫೀಸಿಗೆ ಹೋಗುವ ದಾರಿಯಲ್ಲಿ ಸ್ಕೂಟರ್ ತಂದಳು. ಏನೋ ಸದ್ದು ಬರುತ್ತೆ ಅಂದಳು. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದರು. ಒಂದು ನಿಮಿಷ ಆಯ್ತು. ಎರಡು ನಿಮಿಷ ಆಯ್ತು.

ಹುಡುಗಿ ಮೆಲ್ಲಗೆ ಹೇಳಿದಳು, "ಅಂಕಲ್, ಗಾಡಿ ಇನ್ನೂ ಸ್ಟಾರ್ಟೇ ಮಾಡಿಲ್ಲ."

ಮೇಸ್ತ್ರಿ ಕಣ್ಣು ಬಿಡದೆ ಹೇಳಿದರು: "ಗೊತ್ತಮ್ಮ. ಸದ್ದಿಲ್ದಾಗ ಹೇಗಿರುತ್ತೆ ಅಂತ ಕೇಳ್ತಾ ಇದೀನಿ."

೫. ಕರೆಕ್ಟ್ ಸಾರ್

ಇನ್ನು ಸುಮ್ಮನಿದ್ದರೆ ನಾನು ನಾನಲ್ಲ. ಸಾರ್ ಮನೆಗೇ ಹೋದೆ. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟು ಅವರು ಕೆಳಗಡೆ ಇರೋದು. ಗೇಟಿನ ಹತ್ತಿರವೇ ಕಾರನ್ನು ಒರೆಸುತ್ತಾ ನಿಂತಿದ್ದರು. ಬಾಗಿಲಲ್ಲಿ ಬೈದು ಕಳಿಸ್ತಾರೆ ಅಂದುಕೊಂಡಿದ್ದೆ. "ಬಾರಪ್ಪ ತಮ್ಮಾ" ಅಂತ ಕೂರಿಸಿ, ಮಂಡಕ್ಕಿ ಒಗ್ಗರಣೆ ಕೊಡಿಸಿದರು.

"ಹೊಸ ಗ್ಯಾರೇಜು ಹೇಗಿದೆ ಸಾರ್?"

"ಏನು ಕೇಳ್ತಿ! ಏಸಿ ಐತಿ. ಸೋಫಾ ಐತಿ. ಗುಂಡಿ ಒತ್ತಿದ್ರ ಕಾಫಿ ಬರ್ತದ. ಗಾಡಿ ಎಲ್ಲಿ ತನಕ ಬಂತು ಅಂತ ಮೊಬೈಲಿಗೆ ಮೆಸೇಜ್ ಬರ್ತದ" ಅಂದರು. ಯಾರೋ ತೀರಿಹೋದವರ ಬಗ್ಗೆ ಹೇಳುವ ದನಿಯಲ್ಲಿ.

"ಮತ್ತೇನು ಸಾರ್, ಚೆನ್ನಾಗಿದೆಯಲ್ಲ."

ಸಾರ್ ಒರೆಸೋ ಬಟ್ಟೆಯನ್ನು ಬಾನೆಟ್ ಮೇಲೆ ಇಟ್ಟರು. "ಕೌಂಟರಿನಾಗ ಒಬ್ಬ ಹುಡುಗ ಅದಾನ. ಮೊದಲ ಮಸಲ್ ಕಾರು ರಾಕೆಟ್ 88 ಅಂದೆ. 'ಕರೆಕ್ಟ್ ಸಾರ್' ಅಂದ. ಖುಷಿ ಆತು. ಮರುದಿನ ಹೋಗಿ, ಅಲ್ಲಪ್ಪ ಜಿಟಿಒ ಅಂದೆ. 'ಕರೆಕ್ಟ್ ಸಾರ್' ಅಂದ. ಮೂರನೇ ದಿನ ಹೋಗಿ, ಜಗತ್ತಿನ ಮೊದಲ ಮಸಲ್ ಕಾರು ನಮ್ಮ ಆಟೋರಿಕ್ಷಾ ಅಂದೆ."

"ಏನಂದ ಸಾರ್?"

"'ಸೂಪರ್ ಸಾರ್, ಕರೆಕ್ಟ್ ಸಾರ್.'" ಸಾರ್ ಕಣ್ಣು ಒದ್ದೆಯಾಗಿತ್ತು, ಒಗ್ಗರಣೆ ಮೆಣಸಿನಕಾಯಿ ಅಂತ ಅವರ ಸಮಜಾಯಿಷಿ. "ಅಷ್ಟು ದೊಡ್ಡ ಗ್ಯಾರೇಜಿನಾಗ, 'ನಿಮಗ ತಲಿ ಕೆಟ್ಟೈತಿ' ಅನ್ನೋ ಒಬ್ಬ ಮನುಷ್ಯ ಇಲ್ಲಪ್ಪಾ."

೬. ಅವರಿಗೆ ಹೇಳು

ಹೊರಡೋ ಹೊತ್ತಿಗೆ ಸಾರ್ ಇನ್ನೊಂದು ವಿಷಯ ಹೇಳಿದರು. ಆ ಗ್ಯಾರೇಜಿನಿಂದ ಬಂದಾಗಿನಿಂದ ಕಾರಿನಲ್ಲಿ ಕಟಕಟ ಅಂತ ಸದ್ದು. ಅಲ್ಲಿಯವರು ಎರಡು ಸಲ ಬಿಚ್ಚಿ ನೋಡಿದರೂ ಸಿಕ್ಕಿಲ್ಲವಂತೆ.

"ನಮ್ಮ ಮೇಸ್ತ್ರಿ ಹತ್ರ..." ಅಂದೆ.

"ಬರೂದಿಲ್ಲ. ಸೇತುವೆ ಕಟ್ಟೋನು ನಾನು."

ಬರದಿದ್ದರೆ ಬೇಡ. ನಾನಿಲ್ಲವೇ? ಎಂಜಿನ್ ಸ್ಟಾರ್ಟ್ ಮಾಡಿಸಿದೆ, ಮೇಸ್ತ್ರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಬಾನೆಟ್ಟಿನೊಳಗೆ ಹಿಡಿದೆ. "ಮೇಸ್ತ್ರಿ, ಒಂದು ಸದ್ದು ಕೇಳಿ" ಅಂದೆ. ಯಾರ ಗಾಡಿ ಅಂತ ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಎಂಜಿನ್ ಉಸಿರಿನಲ್ಲೇ ಗುರುತು ಹಿಡಿದರು.

ಆ ಕಡೆಯಿಂದ ಮೇಸ್ತ್ರಿ ದನಿ ಬಂತು. "ಅವರಿಗೆ ಹೇಳು, ಸ್ವಲ್ಪ ಆಕ್ಸಿಲರೇಟರ್ ಕೊಡ್ಲಿ ಅಂತ."

ಸಾರ್ ಸೀಟಿನಿಂದ ಎಲ್ಲ ಕೇಳಿಸಿಕೊಳ್ಳುತ್ತಾ ಇದ್ದರು. "ಅವರಿಗೆ ಹೇಳು, ಕೊಡಾಕ ಹತ್ತೀನಿ ಅಂತ."

"ಅವರಿಗೆ ಹೇಳು, ಅಷ್ಟು ಜೋರಾಗಿ ಬೇಡ, ಅದಕ್ಕೆ ವಯಸ್ಸಾಗಿದೆ ಅಂತ."

"ಅವರಿಗೆ ಹೇಳು, ವಯಸ್ಸು ಅವರಿಗೂ ಆಗೇದ ಅಂತ."

ನಾನು ಮಧ್ಯದಲ್ಲಿ ಫೋನ್ ಹಿಡಿದ ಕಂಬ. ಎರಡು ಮೊಳ ದೂರದಲ್ಲಿ ನಿಂತು ಮಾತಾಡಿದ ಹಾಗೆ ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು.

ಮೇಸ್ತ್ರಿ ಅಂದರು: "ಎಂಜಿನ್ನಿಗೆ ಏನೂ ಆಗಿಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿ ತೆಗಿ. ಕನ್ನಡಕದ ಕೇಸ್ ಇರುತ್ತೆ, ಸ್ಟೀಲಿಂದು. ಅದು ಬಡಿಯೋ ಸದ್ದು."

ತೆಗೆದೆ. ಇತ್ತು. ಕೇಸು ಹೊರಗೆ ತೆಗೆದ ತಕ್ಷಣ ಸದ್ದು ನಿಂತಿತು.

"ಅದರ ಅಡೀಲಿ ನಾನೊಂದು ಟವೆಲ್ ತುಂಡು ಮಡಿಚಿ ಇಡ್ತಿದ್ದೆ, ಪ್ರತಿ ಶನಿವಾರ. ಆ ಗ್ಯಾರೇಜಿನೋರು ಗಾಡಿ ತೊಳೆಯುವಾಗ ಬಿಸಾಕಿರ್ತಾರೆ" ಅಂದರು ಮೇಸ್ತ್ರಿ.

ಎಷ್ಟು ವರ್ಷದಿಂದಲೋ ಇದ್ದ ಆ ಬಟ್ಟೆಯ ವಿಷಯ ಸಾರ್‌ಗೆ ಗೊತ್ತೇ ಇರಲಿಲ್ಲ. ಎಂಜಿನ್ ಆಫ್ ಮಾಡಿ ಕೂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅವರಿಗೆ ಕೇಳು ತಮ್ಮಾ, ಆ ಥರದ ಬಟ್ಟಿ ಅವರ ಹತ್ರ ಇನ್ನೂ ಐತೇನು ಅಂತ" ಅಂದರು.

ಫೋನಿನಿಂದ ಉತ್ತರ ಬಂತು: "ಅವರಿಗೆ ಹೇಳು, ನಂದೇ ಟವೆಲ್ ಹರ್ದು ಇಟ್ಟಿದೀನಿ, ಮೂರು ವಾರ ಆಯ್ತು. ಮನೇಲಿ ಬೈಸ್ಕೊಂಡಿದ್ದೂ ಆಯ್ತು ಅಂತ."

೭. ಒಪ್ಪಂದ

ಶನಿವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಿಳಿ ಕಾರು ಬೇವಿನಮರದ ಕೆಳಗೆ ಬಂತು. ಮೇಸ್ತ್ರಿ ಕೈಯನ್ನು ಒರೆಸಿದ್ದೇ ಒರೆಸಿದ್ದು. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ಮಧ್ಯೆ ಮೂರು ಜನ ಕೂರುವಷ್ಟು ಜಾಗ. ಆಂಟಿ ಟೀ ಕೊಟ್ಟರು. ಇಬ್ಬರೂ ಊದಿ ಊದಿ ಕುಡಿದರು. ಮೂವತ್ತು ವರ್ಷ ಒಂದೇ ವಿಷಯ ಮಾತಾಡಿದವರಿಗೆ ಅದನ್ನು ಬಿಟ್ಟರೆ ಬೇರೆ ವಿಷಯವೇ ಇರಲಿಲ್ಲ.

ಕೊನೆಗೆ ಸಾರ್ ಲೋಟದೊಳಗೆ ನೋಡುತ್ತಾ ಹೇಳಿದರು: "ಮೇಸ್ತ್ರಿ, ಕೂತು ವಿಚಾರ ಮಾಡಿದೆ. ನೀವು ಹೇಳಿದ್ದೇ ಖರೆ. ಉದ್ದೇಶ ಮುಖ್ಯ. ಜಿಟಿಒನೇ ಮೊದಲು."

ನಾನು ಅಬ್ಬ ಅಂದುಕೊಂಡೆ. ಮುಗೀತಲ್ಲ.

ಮೇಸ್ತ್ರಿ ಬೆಚ್ಚಿಬಿದ್ದರು. "ಇಲ್ಲ ಸಾರ್! ನಾನೇ ಹೇಳೋಣ ಅಂತಿದ್ದೆ. ನೀವು ಹೇಳ್ತಿದ್ದಿದ್ದೇ ಸರಿ. ಮೊದಲು ಹುಟ್ಟಿದ್ದು ರಾಕೆಟ್ಟೇ."

"ಹುಟ್ಟಿದ್ರ ಆತೇನ್ರೀ? ಅದು ಸಂಸಾರಸ್ಥರ ಗಾಡಿ."

"ಸಂಸಾರಸ್ಥರು ಜೋರಾಗಿ ಓಡಿಸಬಾರ್ದು ಅಂತ ರೂಲ್ಸ್ ಇದೆಯಾ ಸಾರ್? ಎಂಜಿನ್ ನೋಡಿ, ಎಂಜಿನ್!"

"ನಾನು ಸೋತೀನಿ ಅನ್ನಾಕ ಹತ್ತೀನಿ, ಸುಮ್ನ ಗೆಲ್ರಿ!"

"ನಾನ್ಯಾಕೆ ಗೆಲ್ಲಲಿ? ಗೆಲ್ಲಲ್ಲ!"

"ಮೂವತ್ತು ವರ್ಷ ಗೆಲ್ಲಬೇಕು ಅಂತ ಒದ್ದಾಡಿದ್ರಿ, ಈಗ ಕೊಟ್ರ ಬ್ಯಾಡ ಅಂತೀರಲ್ಲ, ಎಂಥಾ ಹಟಮಾರಿ ಮನುಷ್ಯಾರಿ ನೀವು!"

"ಹಟ ನಂದಲ್ಲ ಸಾರ್, ಹಟ ನಿಮ್ದು!"

ಇಬ್ಬರೂ ಎದ್ದು ನಿಂತಿದ್ದರು. ಜನ ಸೇರಿದರು. ತರಕಾರಿ ಚೀಲ ಹಿಡಿದಿದ್ದ ಒಬ್ಬರು, "ಏನು ಜಗಳ?" ಅಂತ ಆಂಟಿಯನ್ನು ಕೇಳಿದರು. "ಇವರು ಅವರು ಸರಿ ಅಂತಾರೆ, ಅವರು ಇವರು ಸರಿ ಅಂತಾರೆ" ಅಂದರು ಆಂಟಿ. ಅವರು ಚೀಲ ಕೆಳಗಿಟ್ಟು ಸರಿಯಾಗಿ ನೋಡೋಕೆ ನಿಂತರು.

ಇನ್ನೊಂದು ಮಾತು ಹೆಚ್ಚಾದರೆ ಮರದ ಕೆಳಗಿನ ನೆರಳು ಮತ್ತೆ ಖಾಲಿ. ಅಷ್ಟರಲ್ಲಿ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನೀನು ಹೇಳೋ!"

"ನೀನೇ ಹೇಳು ತಮ್ಮಾ, ಯಾವುದು ಮೊದಲು?"

ರಾಕೆಟ್ ಅಂದರೂ ಒಬ್ಬರು ಎದ್ದು ಹೋಗುತ್ತಾರೆ, ಜಿಟಿಒ ಅಂದರೂ ಒಬ್ಬರು ಎದ್ದು ಹೋಗುತ್ತಾರೆ. ಎರಡೂ ಅಂದರೆ ಏನಾಗುತ್ತೆ ಅಂತ ಆಗಲೇ ನೋಡಿಯಾಗಿತ್ತು. ನಾನು ಎದೆ ಸೆಟೆಸಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ:

"ಇಬ್ರೂ ತಪ್ಪು. ಮೊದಲನೇದು ಐವತ್ತೈದನೇ ಇಸವಿಯ ಸಿ-300. ಮುನ್ನೂರು ಕುದುರೆ ಬಲ. ನಿಮ್ಮ ರಾಕೆಟ್ಟೂ ಅಲ್ಲ, ನಿಮ್ಮ ಜಿಟಿಒನೂ ಅಲ್ಲ. ಮೂವತ್ತು ವರ್ಷ ಸುಮ್ನೆ ಟೀ ಕುಡಿದ್ರಿ."

ಇಬ್ಬರೂ ಒಟ್ಟಿಗೆ ನನ್ನ ಕಡೆ ಒಂದು ಹೆಜ್ಜೆ ಇಟ್ಟರು.

"ಸಿ-300?" ಅಂದರು ಮೇಸ್ತ್ರಿ. "ಅದು ಹಡಗಿನ ಹಾಗಿದೆಯಲ್ಲೋ! ಮಸಲ್ ಕಾರಂತೆ! ಕೇಳಿದ್ರಾ ಸಾರ್?"

"ಅದು ಶ್ರೀಮಂತರ ಗಾಡಿರೀ ಮೇಸ್ತ್ರಿ! ಒಳಗ ಚರ್ಮದ ಸೀಟು! ಹುಡುಗರಿಗೆ ಅದು ಎಲ್ಲಿ ಕೈಗೆಟಕಬೇಕು?"

"ಸರಿಯಾಗಿ ಹೇಳಿದ್ರಿ ಸಾರ್. ಇವನಿಗೆ ಯಾರು ಹೇಳಿಕೊಟ್ರೋ ಇದನ್ನ!"

"ಮೊಬೈಲ್ ನೋಡಿ ಹಾಳಾಗ್ಯಾನ. ನೀವು ಕೂಡ್ರಿ ಮೇಸ್ತ್ರಿ, ಬಿಪಿ ಏರ್ತದ. ಇಲ್ಲಿ ಇನ್ನೆರಡು ಟೀ ಕೊಡ್ರಿ."

ಇಬ್ಬರೂ ಕೂತರು, ಬೆಂಚಿನ ಮಧ್ಯದಲ್ಲಿ, ಒಬ್ಬರ ತೊಡೆಗೆ ಒಬ್ಬರ ತೊಡೆ ತಾಗಿಸಿಕೊಂಡು. ಮೂವತ್ತು ವರ್ಷದಲ್ಲಿ ಯಾರಿಂದಲೂ ಆಗದ ಒಪ್ಪಂದವನ್ನು ನಾನು ಎರಡು ನಿಮಿಷದಲ್ಲಿ ಮಾಡಿಸಿದ್ದೆ. ಹೊಗಳಲಿ ಅಂತ ಮುಂದೆ ಹೋಗಿ ನಿಂತೆ.

ಮೇಸ್ತ್ರಿ ಸಾರ್ ಮುಖ ನೋಡಿದರು, ಸಾರ್ ಮೇಸ್ತ್ರಿ ಮುಖ ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿ, ಜೀವನದಲ್ಲಿ ಮೊದಲ ಸಲ ಒಂದೇ ಮಾತನ್ನು ಒಟ್ಟಿಗೆ ಹೇಳಿದರು:

"ಇವನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ."